ಡಾಕ್ಟರಿಗೊಂದು ಪತ್ರ: ರೊಟ್ಟಿ ಸಾರಿನಲ್ಲಿ ನೆನೆಯತೊಡಗಿದಾಗ

ಈ ತಿಂಗಳ ಪತ್ರಗಳ ಕಟ್ಟು ಬಿಚ್ಚಿದರೆ ಅನ್ನನಾಳದ ಬಗ್ಗೆಯೇ ಆರು ಪತ್ರಗಳಿದ್ದವು. ಮೂವತ್ತು ವರ್ಷ ಇದೇ ನಾಳದ ಆಪರೇಷನ್ ಮಾಡಿ ಈಗ ಕತ್ತರಿ ಕೆಳಗಿಟ್ಟವನು ನಾನು. ಮಂಡಿನೋವು, ಥೈರಾಯ್ಡ್‌ನವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಮೊದಲ ಪತ್ರವೇ ಅರ್ಧ ಜಾಗ ತಿಂದಿದೆ, ಉಳಿದವರು ಬೇಸರಿಸಬಾರದು.

ಡಾಕ್ಟರೇ, ನಮ್ಮ ಮಾವನವರಿಗೆ 63 ವರ್ಷ. ಒಕ್ಕಲುತನ ಮಾಡುತ್ತಾರೆ. ಬೀಡಿ ಇದೆ, ಎಲೆ ಅಡಿಕೆ ತಂಬಾಕೂ ಇದೆ. ಮೂರು ತಿಂಗಳಿಂದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಹಲ್ಲುನೋವು ಇರಬೇಕು ಅಂದುಕೊಂಡೆವು. ಆಮೇಲೆ ಅನ್ನ ಸಾರು, ಈಗ ಬರೀ ಗಂಜಿ. ಗ್ಯಾಸ್ಟ್ರಿಕ್ ಮಾತ್ರೆ ಎರಡು ತಿಂಗಳು ನುಂಗಿದ್ದಾಯಿತು. ಕೊನೆಗೆ ಎಂಡೋಸ್ಕೋಪಿ ಮಾಡಿಸಿದಾಗ '27ರಿಂದ 32 ಸೆಂ.ಮೀ.ವರೆಗೆ ಗಡ್ಡೆ' ಎಂದು ಬರೆದುಕೊಟ್ಟರು. ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಕೂಡಲೇ ಕೊಯ್ದು ತೆಗೆಯುವುದು ಬಿಟ್ಟು ಮತ್ತೆ ಸ್ಕ್ಯಾನ್, ಕೀಮೋ, ಕರೆಂಟ್ (ರೇಡಿಯೇಷನ್) ಅನ್ನುತ್ತಿದ್ದಾರೆ. ದೊಡ್ಡ ಮಾವನವರು 'ಚೂರು ಕಿತ್ತದ್ದ ತಪ್ಪಾತು, ಇನ್ನ ಮೈತುಂಬ ಹರಡ್ತೈತಿ' ಅಂತ ಮನೆಯವರನ್ನೆಲ್ಲ ಹೆದರಿಸಿಬಿಟ್ಟಿದ್ದಾರೆ. ಏನು ಮಾಡೋಣ?
— ರಾಣೆಬೆನ್ನೂರು ತಾಲ್ಲೂಕಿನ ಒಬ್ಬ ಸೊಸೆ

ತಂಗಿ, ರೊಟ್ಟಿ ನೆನೆಯತೊಡಗಿದ ತಿಂಗಳನ್ನು ನೆನಪಿಟ್ಟು ಬರೆದಿದ್ದೀಯಲ್ಲ, ಡಾಕ್ಟರಿಗೆ ಬೇಕಾದ ಮೊದಲ ವಿವರ ಅದು. ಅನ್ನನಾಳ ಹಿಗ್ಗುವ ನಾಳ. ಒಳಗಿನ ಕಿಂಡಿ ಹೆಚ್ಚುಕಡಿಮೆ 13 ಮಿಲಿಮೀಟರಿಗಿಂತ ಕಿರಿದಾಗುವ ತನಕ ನುಂಗುವವನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದ ಮೇಲೂ ನಮ್ಮ ಜನ ಆಸ್ಪತ್ರೆಗೆ ಹೋಗದೆ ಊಟ ಬದಲಿಸುತ್ತಾರೆ. ರೊಟ್ಟಿ ನೆನೆಯುತ್ತದೆ, ಮುದ್ದೆ ತೆಳುವಾಗುತ್ತದೆ, ಪ್ರತಿ ತುತ್ತಿಗೂ ಒಂದು ಗುಟುಕು ನೀರು ಬೇಕಾಗುತ್ತದೆ. ಬಡಿಸುವವರಿಗೆ ಕಾಣುವುದು ಉಣ್ಣುವವರಿಗೆ ಕಾಣುವುದಿಲ್ಲ.

ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟ ಡಾಕ್ಟರನ್ನು ಬಯ್ಯುವ ಯೋಗ್ಯತೆ ನನಗಿಲ್ಲ, ನಾನೂ ಕೊಟ್ಟಿದ್ದೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ತಾಲ್ಲೂಕು ಆಸ್ಪತ್ರೆ. ಚಕ್ಕಡಿ ಹೊಡೆಯುವ ಒಬ್ಬರು 'ಎದ್ಯಾಗ ನಿಂತಂಗ ಆಗ್ತೈತ್ರೀ' ಅಂದರು. ಎದೆಯುರಿ ಎಂದು ತಿಳಿದು ಆರು ವಾರ ರಾನಿಟಿಡಿನ್ ಬರೆದೆ. ಮೂರನೇ ಸಲ ಅವರ ಹೆಂಡತಿಯೂ ಜೊತೆಗೆ ಬಂದು ಬಾಗಿಲ ಬಳಿ ನಿಂತು, 'ಉರಿ ಅಲ್ರೀ ಸಾಹೇಬ್ರ, ರೊಟ್ಟಿ ಇಳೀವಲ್ತು' ಅಂದರು. ಆ ಆರು ವಾರ ಅವರಿಗೆ ವಾಪಸ್ ಕೊಡಲು ನನ್ನಿಂದ ಆಗಲಿಲ್ಲ. ಅಂದಿನಿಂದ ನುಂಗಲು ಕಷ್ಟ ಎಂದವರಿಗೆ ಎಂಡೋಸ್ಕೋಪಿ ಆಗದೆ ಮಾತ್ರೆ ಚೀಟಿ ಬರೆದಿಲ್ಲ.

ಈಗ ನಿಮ್ಮ ರಿಪೋರ್ಟಿಗೆ ಬರೋಣ. ಅದರಲ್ಲಿರುವ ಸೆಂಟಿಮೀಟರನ್ನು ಮುಂಬಾಯಿಯ ಹಲ್ಲಿನಿಂದ ಅಳೆಯುತ್ತಾರೆ. ಅನ್ನನಾಳ ಶುರುವಾಗುವುದು ಸುಮಾರು 15ಕ್ಕೆ, ಜಠರ ಸೇರುವುದು ಸುಮಾರು 40ಕ್ಕೆ. ಹಾಗಾಗಿ 27ರಿಂದ 32 ಎಂದರೆ ಎದೆಯ ನಟ್ಟನಡುವೆ, ಶ್ವಾಸನಾಳ ಎರಡು ಕವಲಾಗುವ ಜಾಗದಿಂದ ಸ್ವಲ್ಪವೇ ಕೆಳಗೆ. ಗಡ್ಡೆ ಅಲ್ಲಿಗೆ ಹತ್ತಿರವಾದ್ದರಿಂದ ಉಸಿರಿನ ಕೊಳವೆಯೊಳಗೂ ಒಮ್ಮೆ ಇಣುಕಿ ನೋಡೋಣ ಎಂದಾರು. ಅದಕ್ಕೆ ಬ್ರಾಂಕೋಸ್ಕೋಪಿ ಎನ್ನುತ್ತಾರೆ, ಬೇಡವೆನ್ನಬೇಡಿ. ನೀರು ಕುಡಿದ ತಕ್ಷಣ ಮಾವನವರಿಗೆ ಕೆಮ್ಮು ಉಕ್ಕಿ ಬರುತ್ತಿದ್ದರೆ, ದನಿ ಒಡೆದಿದ್ದರೆ, ಅದನ್ನು ಕೇಳುವ ಮುಂಚೆಯೇ ಹೇಳಿ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತು ಬಿದ್ದಿದ್ದರೆ, ದನಿಯ ನರವನ್ನು ಗಡ್ಡೆ ಹಿಡಿದಿದ್ದರೆ, ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ.

ಈ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಸ್ಕ್ವಾಮಸ್ ಎಂಬುದು ನಾಳದ ಒಳಚರ್ಮದಿಂದಲೇ ಹುಟ್ಟುವಂಥದ್ದು. ತಂಬಾಕು, ಸಾರಾಯಿ, ಅಡಿಕೆ ಇದರ ನೆಂಟರು. ನಮ್ಮ ದೇಶದಲ್ಲಿ ಇದೇ ಹೆಚ್ಚು. ಇನ್ನೊಂದು ಅಡಿನೋಕಾರ್ಸಿನೋಮ. ಅದು ಹೆಚ್ಚಾಗಿ ಜಠರದ ಬಾಗಿಲ ಬಳಿ, ವರ್ಷಗಟ್ಟಲೆ ಹುಳಿ ಮೇಲೆ ಉಕ್ಕಿದವರಲ್ಲಿ, ಬೊಜ್ಜಿದ್ದವರಲ್ಲಿ ಬರುತ್ತದೆ. ಪಶ್ಚಿಮದ ದೇಶಗಳಲ್ಲಿ ಅದರ ಕಾಟ ಜಾಸ್ತಿ. ಚಿಕಿತ್ಸೆ ಎರಡಕ್ಕೂ ಒಂದೇ ಅಲ್ಲವಾದ್ದರಿಂದ ಚೂರು ತೆಗೆದು ನೋಡದೆ ಯಾರೂ ಔಷಧಿ ಆರಂಭಿಸುವಂತಿಲ್ಲ. ದೊಡ್ಡ ಮಾವನವರಿಗೆ ನಾನು ಹೇಳಿದೆನೆಂದು ಹೇಳು: ಎಂಡೋಸ್ಕೋಪಿಯಲ್ಲಿ ಚಿವುಟುವ ಚೂರುಗಳು ಅಕ್ಕಿಕಾಳಿಗಿಂತ ಸಣ್ಣವು, ಆರೆಂಟು ಚೂರು ತೆಗೆಯುತ್ತಾರೆ, ಅದರಿಂದ ಮೈಗೆಲ್ಲ ಹರಡುವುದಿಲ್ಲ. ಬಯಾಪ್ಸಿ ಆಗುವ ಹೊತ್ತಿಗೆ ಕೆಲವರಲ್ಲಿ ಅದಾಗಲೇ ಹರಡಿರುತ್ತದೆ, ಅಷ್ಟೇ. ಕರುಳಿಗಿರುವ ಹೊರಪೊರೆ ಅನ್ನನಾಳಕ್ಕಿಲ್ಲ. ಹಾಗಾಗಿ ಗಡ್ಡೆ ಗೋಡೆ ದಾಟಿ ಪಕ್ಕದ ಗಂಟುಗಳಿಗೆ, ಅಂದರೆ ಲಿಂಫ್ ಗ್ರಂಥಿಗಳಿಗೆ, ಹೋಗುವುದು ಇಲ್ಲಿ ಸುಲಭ.

ಎಷ್ಟು ಹರಡಿದೆ ಎಂದು ತಿಳಿಯಲೆಂದೇ ಸ್ಕ್ಯಾನ್. ಎದೆ ಹೊಟ್ಟೆಯ ಸಿಟಿ ಮೊದಲು, ಸಾಧ್ಯವಾದರೆ ಪೆಟ್-ಸಿಟಿ. ಪೆಟ್‌ನಲ್ಲಿ ಯಕೃತ್ತು, ಎಲುಬು, ದೂರದ ಗಂಟು ಎಲ್ಲಿ ಬೆಳಗಿದರೂ ಕಾಣುತ್ತದೆ. ಕೆಲವರಿಗೆ ಎಂಡೋಸ್ಕೋಪಿಯ ತುದಿಗೇ ಅಲ್ಟ್ರಾಸೌಂಡ್ ಕಟ್ಟಿ ಗೋಡೆಯಲ್ಲಿ ಎಷ್ಟು ಆಳ ಇಳಿದಿದೆ ನೋಡುತ್ತಾರೆ. ನಾಳ ಪೂರ್ತಿ ಕಟ್ಟಿದ್ದರೆ ಅದು ಒಳಗೇ ಹೋಗುವುದಿಲ್ಲ. ಗಡ್ಡೆ ಮೇಲ್ಪದರದಲ್ಲಷ್ಟೇ ಇದ್ದರೆ ಎಂಡೋಸ್ಕೋಪಿಯಿಂದಲೇ ಕೆರೆದು ತೆಗೆಯಬಹುದು, ಎದೆ ತೆರೆಯುವುದೇ ಬೇಡ. ಆದರೆ ಗಂಜಿಗೆ ಇಳಿದವರಲ್ಲಿ ಆ ಹಂತ ದಾಟಿರುತ್ತದೆ.

ಮೊದಲೇ ಯಾಕೆ ಕೊಯ್ಯುವುದಿಲ್ಲ ಎಂದು ಕೇಳಿದೆ. ನಾನು ಕಲಿತ ಕಾಲದಲ್ಲಿ ಮೊದಲೇ ಕೊಯ್ಯುತ್ತಿದ್ದೆವು. ನೆದರ್ಲೆಂಡ್ಸ್‌ನವರ ಕ್ರಾಸ್ ಎಂಬ ಅಧ್ಯಯನ 2012ರಲ್ಲಿ ಹೊರಬಂದ ಮೇಲೆ ನನ್ನ ಪದ್ಧತಿಯೂ ಬದಲಾಯಿತು. ಅವರು ಅರ್ಧ ಜನರಿಗೆ ನೇರ ಆಪರೇಷನ್ ಮಾಡಿದರು. ಇನ್ನರ್ಧಕ್ಕೆ ಮೊದಲು ವಾರಕ್ಕೊಂದರಂತೆ ಐದು ಕೀಮೋ, ಜೊತೆಗೆ 23 ಸಲ ಕರೆಂಟ್, ಒಟ್ಟು 41.4 ಗ್ರೇ (ಗ್ರೇ ಎಂದರೆ ಕರೆಂಟಿನ ಅಳತೆ) ಕೊಟ್ಟು ಆಮೇಲೆ ಆಪರೇಷನ್. ನೇರ ಕೊಯ್ಯಿಸಿಕೊಂಡವರಲ್ಲಿ ಅರ್ಧದಷ್ಟು ಜನ 24 ತಿಂಗಳು ದಾಟಿದರೆ, ಎರಡನೆಯ ಗುಂಪಿನ ಅರ್ಧದಷ್ಟು ಜನ 49 ತಿಂಗಳು ದಾಟಿದರು. ಮಾವನವರ ಜಾತಿಯ, ಅಂದರೆ ಸ್ಕ್ವಾಮಸ್ ಕ್ಯಾನ್ಸರಿನಲ್ಲಂತೂ ಹೆಚ್ಚುಕಡಿಮೆ ಅರ್ಧ ಜನರ ತೆಗೆದ ನಾಳವನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಗಡ್ಡೆ ಸಿಗಲಿಲ್ಲ. ಅದು ಕರೆಂಟು, ಕೀಮೋಗೇ ಕರಗಿತ್ತು.

'ಹಾಗಾದರೆ ಆಮೇಲೆ ಆಪರೇಷನ್ ಯಾಕೆ?' ಎಂದು ನಿನ್ನ ಗಂಡ ಕೇಳಿಯೇ ಕೇಳುತ್ತಾನೆ. ಕರಗಿದೆಯೇ ಇಲ್ಲವೇ ಎಂದು ಹೊರಗಿನಿಂದ ಖಚಿತವಾಗಿ ಹೇಳುವುದು ಕಷ್ಟ. ಅದೇ ನೆದರ್ಲೆಂಡ್ಸ್‌ನಲ್ಲಿ, ಪೂರ್ತಿ ಕರಗಿದಂತೆ ಕಂಡವರನ್ನು ಕೊಯ್ಯದೆ ಕಾದು ನೋಡುವ ಪ್ರಯೋಗವೂ ಆಗಿದೆ. ಎರಡು ವರ್ಷದ ಲೆಕ್ಕದಲ್ಲಿ ಅವರೇನೂ ಹಿಂದೆ ಬೀಳಲಿಲ್ಲ. ಆದರೆ ಕೆಲವು ತಿಂಗಳಿಗೊಮ್ಮೆ ಎಂಡೋಸ್ಕೋಪಿ, ಬಯಾಪ್ಸಿ, ಪೆಟ್ ತಪ್ಪದೆ ಮಾಡಿಸಿಕೊಳ್ಳುವವರಿಗೆ ಮಾತ್ರ ಅದು ಸರಿ. ಬಿತ್ತನೆ ಬಂತು, ಆಮೇಲೆ ಬರ್ತೀನಿ ಎನ್ನುವ ಮಾವನವರಾದರೆ ಆಪರೇಷನ್ ಆಗಲಿ ಎಂದೇ ನಾನು ಹೇಳುತ್ತೇನೆ. ಎದೆ, ಶ್ವಾಸಕೋಶ ಆಪರೇಷನ್ನಿಗೆ ತಡೆಯದ ಸ್ಥಿತಿಯಲ್ಲಿದ್ದರೆ ಕರೆಂಟನ್ನು ಸುಮಾರು 50 ಗ್ರೇವರೆಗೆ ಏರಿಸಿ ಕೀಮೋ ಜೊತೆಗೇ ಮುಗಿಸುವ ದಾರಿಯೂ ಇದೆ. ಅದು ಕೈಬಿಟ್ಟ ಲಕ್ಷಣವೇನೂ ಅಲ್ಲ.

ಆಪರೇಷನ್ನಿನಲ್ಲಿ ಅನ್ನನಾಳದ ಬಹುಭಾಗವನ್ನೂ ಸುತ್ತಲಿನ ಗಂಟುಗಳನ್ನೂ ತೆಗೆದು, ಜಠರವನ್ನು ಉದ್ದ ಕೊಳವೆಯಂತೆ ಹೊಲಿದು, ಮೇಲಕ್ಕೆಳೆದು ಎದೆಯಲ್ಲೋ ಕುತ್ತಿಗೆಯಲ್ಲೋ ಜೋಡಿಸುತ್ತಾರೆ. ಆ ಕೊಳವೆ ಬಹುಮಟ್ಟಿಗೆ ಒಂದೇ ರಕ್ತನಾಳವನ್ನು ನಂಬಿ ಬದುಕುತ್ತದೆ. ಅದಕ್ಕೇ ಮೇಲಿನ ಹೊಲಿಗೆ ಸೋರುವ ಭಯ. ನೂರರಲ್ಲಿ ಹತ್ತು ಮಂದಿಯ ಆಸುಪಾಸು ಸೋರುತ್ತದೆ. ಹೆಚ್ಚಿನವು ತಾವೇ ಮಾಯುತ್ತವೆ, ಎಲ್ಲವೂ ಅಲ್ಲ. ಈ ಆಪರೇಷನ್ ಅಪರೂಪಕ್ಕೊಮ್ಮೆ ಮಾಡುವ ಕಡೆ ಬೇಡ, 'ವರ್ಷಕ್ಕೆ ಎಷ್ಟು ಮಾಡ್ತೀರಿ' ಎಂದು ನೇರವಾಗಿ ಕೇಳಿ, ಸರ್ಜನ್ನರಿಗೆ ಸಿಟ್ಟು ಬಂದರೆ ಬರಲಿ. 1913ರಲ್ಲಿ ನ್ಯೂಯಾರ್ಕಿನ ಫ್ರಾಂಜ್ ಟೋರೆಕ್ ಎದೆಯೊಳಗಿನ ಅನ್ನನಾಳದ ಗಡ್ಡೆಯನ್ನು ಮೊದಲ ಸಲ ತೆಗೆದು ರೋಗಿಯನ್ನು ಉಳಿಸಿದಾಗ ಹೀಗೆ ಜೋಡಿಸಲು ಗೊತ್ತಿರಲಿಲ್ಲ. ಆಕೆ ಕುತ್ತಿಗೆಯ ತೂತಿನಿಂದ ಹೊಟ್ಟೆಯ ತೂತಿಗೆ ಮೈಹೊರಗೆ ರಬ್ಬರ್ ಕೊಳವೆ ಸಿಕ್ಕಿಸಿಕೊಂಡು ಉಣ್ಣುತ್ತಿದ್ದಳು. ಹಾಗೇ ಹತ್ತು ವರ್ಷಕ್ಕೂ ಹೆಚ್ಚು ಬದುಕಿದಳು. ಹೆದರಿದ ರೋಗಿಗಳಿಗೆ ನಾನು ಈ ಕಥೆ ಹೇಳುತ್ತಿದ್ದೆ. ಕೆಲವರಿಗೆ ಧೈರ್ಯ ಬರುತ್ತಿತ್ತು, ಕೆಲವರು ಇನ್ನಷ್ಟು ಹೆದರುತ್ತಿದ್ದರು.

ನಾಳೆಯಿಂದಲೇ ಆಗಬೇಕಾದ ಕೆಲಸ ಮನೆಯಲ್ಲಿದೆ. ಬೀಡಿ, ತಂಬಾಕು ಇವತ್ತೇ ನಿಲ್ಲಬೇಕು. ಈ ಆಪರೇಷನ್ ಆದವರನ್ನು ಕಾಡುವುದು ಹೆಚ್ಚಾಗಿ ನ್ಯುಮೋನಿಯಾ. ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರಲ್ಲ, ಉಸಿರೆಳೆದು ಚೆಂಡು ಏರಿಸುವುದು, ಅದನ್ನು ಈಗಿನಿಂದಲೇ ಊದದೆ ಎಳೆಯಲಿ. ಎಲ್ಲರೂ ಅದನ್ನು ಊದುತ್ತಾರೆ. ಗಂಜಿಯ ತಿಳಿ ಸಾಲದು. ರಾಗಿ ಅಂಬಲಿಗೆ ಹಾಲು, ತುಪ್ಪ, ಶೇಂಗಾ ನುಣ್ಣಗೆ ಅರೆದು ಹಾಕು. ಮೊಟ್ಟೆ ತಿನ್ನುವವರಾದರೆ ಚೆನ್ನಾಗಿ ಬೇಯಿಸಿ ಅಂಬಲಿಯಲ್ಲಿ ಕದಡು. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ಬರೆದಿಡು. ತೂಕ ಇಳಿಯುತ್ತಲೇ ಇದ್ದರೆ ಮೂಗಿನಿಂದ ನಳಿಕೆ ಹಾಕಿಯೋ, ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ಕರುಳಿಗೇ ನಳಿಕೆ ಇಟ್ಟೋ ಆಹಾರ ಕೊಡುತ್ತಾರೆ. 'ನಳಿಕೆ ಹಾಕಿದರೆ ಮನುಷ್ಯ ಮುಗಿದ' ಎನ್ನುವ ಮಾತು ನಮ್ಮ ಕಡೆ ಬಹಳ. ನಳಿಕೆ ಬೇಡವೆಂದು ಹಟ ಹಿಡಿದು, ತೂಕ ಇಳಿದು, ಕೀಮೋ ತಡೆಯಲಾಗದೆ ನಡುವೆ ಬಿಟ್ಟವರನ್ನು ಕಂಡಿದ್ದೇನೆ. ನಳಿಕೆಯಿಂದ ಯಾರೂ ಮುಗಿದದ್ದನ್ನು ಕಂಡಿಲ್ಲ.

ನಿಮಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಬೆಂಗಳೂರಾದರೆ ಕಿದ್ವಾಯಿ ಇದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಮ್ಮೆ ಮಾರುವ ಮುಂಚೆ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಮೇಜಿಗೆ ಹೋಗಿ. ರೇಷನ್ ಕಾರ್ಡು, ಆಧಾರ್, ಬಯಾಪ್ಸಿ ಸ್ಲೈಡು ಮತ್ತು ಬ್ಲಾಕು ಜೊತೆಗಿರಲಿ. ಬ್ಲಾಕು ಎಂದರೆ ಮೇಣದಲ್ಲಿ ಕೂರಿಸಿದ ಚೂರು. ಅದನ್ನು ಲ್ಯಾಬಿನಲ್ಲೇ ಬಿಟ್ಟು ಬಂದು ಮತ್ತೆ ಬಸ್ಸು ಹತ್ತುವವರೇ ಜಾಸ್ತಿ.

ನನಗೆ 36 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎಂಟು ವರ್ಷದಿಂದ ಆಸಿಡಿಟಿ. ಪ್ಯಾಂಟೊಪ್ರಜೋಲ್ ಬಿಟ್ಟರೆ ಆಗುವುದಿಲ್ಲ. ಇದು ಕ್ಯಾನ್ಸರ್ ಆಗುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ರಾತ್ರಿ ನಿದ್ದೆ ಇಲ್ಲ.
— ಬೆಂಗಳೂರು

ಮೊಬೈಲನ್ನು ರಾತ್ರಿ ಬೇರೆ ಕೋಣೆಯಲ್ಲಿಡಿ. ಹುಳಿ ಮೇಲುಕ್ಕುವ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ವರ್ಷಾನುಗಟ್ಟಲೆ ಹುಳಿ ತಾಗಿ ಕೆಲವರಲ್ಲಿ ನಾಳದ ಕೆಳತುದಿಯ ಚರ್ಮ ಕರುಳಿನ ಚರ್ಮದಂತೆ ಬದಲಾಗುತ್ತದೆ. ಅದು ಬ್ಯಾರೆಟ್. ಅದಾಗಿದ್ದರೂ, ಜೀವಕೋಶಗಳು ಕೆಡದೆ ಇದ್ದರೆ, ಅಂಥ ಸಾವಿರ ಜನರಲ್ಲಿ ವರ್ಷಕ್ಕೆ ಐದಕ್ಕಿಂತ ಕಡಿಮೆ ಮಂದಿಗೆ ಕ್ಯಾನ್ಸರ್. ಎಂಟು ವರ್ಷದಲ್ಲಿ ಒಮ್ಮೆಯೂ ಎಂಡೋಸ್ಕೋಪಿ ಆಗಿಲ್ಲವಾದರೆ ಒಂದು ಮಾಡಿಸಿ ಚಿಂತೆ ಮುಗಿಸಿಕೊಳ್ಳಿ. ನುಂಗಲು ತಡೆ, ಕಾರಣವಿಲ್ಲದೆ ತೂಕ ಇಳಿಕೆ, ರಕ್ತ ವಾಂತಿ, ಕಪ್ಪು ಮಲ, ರಕ್ತಹೀನತೆ — ಇವುಗಳಲ್ಲಿ ಒಂದಿದ್ದರೂ ಈ ವಾರವೇ ಹೋಗಬೇಕು. ಹೊಟ್ಟೆಯ ಸುತ್ತಳತೆ ನೀವು ಬರೆದಿಲ್ಲ. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತರಿಸುವುದನ್ನೂ ಬರೆದಿಲ್ಲ, ನಾನು ಊಹಿಸಿದೆ.

ನಾನು ನಿವೃತ್ತ ಶಿಕ್ಷಕ, 70 ವರ್ಷ. ತುತ್ತು ಸಿಕ್ಕಿಕೊಂಡ ಹಾಗಾಗುತ್ತದೆ. ಎಂಡೋಸ್ಕೋಪಿ ಎಂದರೆ ಜೀವ ಹಾರುತ್ತದೆ. ಬೇರಿಯಂ ಕುಡಿದು ಎಕ್ಸರೇ ತೆಗೆಸಿದರೆ ಸಾಲದೇ? ನಾನು ತಂಬಾಕು ಮುಟ್ಟಿದವನಲ್ಲ, ಊಟದ ನಂತರ ಎಲೆ ಅಡಿಕೆ ಮಾತ್ರ.
— ತೀರ್ಥಹಳ್ಳಿ

ಮೇಷ್ಟ್ರೇ, ಬೇರಿಯಂ ಎಕ್ಸರೇಯಲ್ಲಿ ನಾಳ ಎಲ್ಲಿ ಕಿರಿದಾಗಿದೆ ಎಂದು ಕಂಡೀತು. ಯಾಕೆ ಎಂದು ಹೇಳಲಾರದು, ಚೂರನ್ನಂತೂ ತೆಗೆಯಲಾರದು. ಕೊನೆಗೆ ಎಂಡೋಸ್ಕೋಪಿಗೇ ಬರಬೇಕು. 1868ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯರು ಮನುಷ್ಯನ ಜಠರದೊಳಗೆ ನೇರ ಕೊಳವೆ ಇಳಿಸಿ ನೋಡಬೇಕೆಂದಾಗ ಕತ್ತಿ ನುಂಗುವ ಆಟದವನನ್ನು ಕರೆಸಿಕೊಂಡರು. ಬೇರೆ ಯಾರಿಗೂ ಅದು ಸಾಧ್ಯವಿರಲಿಲ್ಲ. ಈಗಿನದು ಕಿರುಬೆರಳಿನ ದಪ್ಪದ, ಹಾವಿನಂತೆ ಬಾಗುವ ನಳಿಕೆ. ಆರು ಗಂಟೆ ಹೊಟ್ಟೆ ಖಾಲಿ ಬಿಡಬೇಕು. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸುತ್ತಾರೆ, ಬೇಕೆಂದರೆ ಮಂಪರಿನ ಇಂಜೆಕ್ಷನ್ನೂ ಕೊಡುತ್ತಾರೆ. ಹತ್ತು ನಿಮಿಷದ ಕೆಲಸ. ಓಕರಿಕೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ನಾನೇ ಎರಡು ಸಲ ಮಾಡಿಸಿಕೊಂಡಿದ್ದೇನೆ. ಮೊದಲನೇ ಸಲ ಕಣ್ಣಲ್ಲಿ ನೀರು ಬಂತು. ಎರಡನೇ ಸಲ ಮೂಗಿನಿಂದ ನಿಧಾನ ಉಸಿರಾಡುವುದು ಗೊತ್ತಿತ್ತು, ಬೇಗ ಮುಗಿಯಿತು.

ಎಲೆ ಅಡಿಕೆಯ ಮಾತು ಮಲೆನಾಡಿನವರಿಗೆ ಹಿಡಿಸುವುದಿಲ್ಲ, ಗೊತ್ತು. ನಿಮ್ಮ ಊರಿನ ಅನ್ನವೇ ಅಡಿಕೆಯಿಂದ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2012ರ ಅವರ ಸಂಪುಟದಲ್ಲಿ, ತಂಬಾಕಿಲ್ಲದ ಎಲೆಅಡಿಕೆಯಿಂದ ಬಾಯಿಯ ಜೊತೆ ಅನ್ನನಾಳಕ್ಕೂ ಕ್ಯಾನ್ಸರ್ ಬರುತ್ತದೆ ಎಂದಿದೆ. ನಿಮ್ಮ ತುತ್ತು ಸಿಕ್ಕಿಕೊಳ್ಳುವುದಕ್ಕೆ ಕಾರಣ ಬೇರೆಯೂ ಇರಬಹುದು. ನಾಳದ ಕೆಳಬಾಗಿಲು ತೆರೆದುಕೊಳ್ಳದ ಅಕಲೇಸಿಯಾ ಎಂಬ ಕಾಯಿಲೆಯಿದೆ, ಹಳೇ ಹುಳಿಗಾಯದ ಕಲೆಯೂ ಇರಬಹುದು. ನೋಡದೆ ಹೇಳಲಾಗದು.

ನನ್ನ ಯಜಮಾನರಿಗೆ ಯಕೃತ್ತಿಗೂ ಹರಡಿದೆ ಎಂದಿದ್ದಾರೆ. ನಾಲ್ಕನೇ ಸ್ಟೇಜ್. ಉಗುಳೂ ಇಳಿಯುತ್ತಿಲ್ಲ. ವಾಸಿಯಾಗದಿದ್ದರೂ ಸರಿ, ಒಂದಿಷ್ಟು ಉಂಡು ಮಲಗುವ ಹಾಗೆ ಏನಾದರೂ ಮಾಡಲು ಬರುತ್ತದೆಯೇ? ಅವರಿಗೆ ಏನೂ ಹೇಳಿಲ್ಲ, ಅಲ್ಸರ್ ಎಂದಿದ್ದೇವೆ.
— ಕಲಬುರಗಿ

ಬರುತ್ತದೆ, ತಾಯಿ. ಲೋಹದ ಬಲೆಯ ಕೊಳವೆ, ಸ್ಟೆಂಟ್. ಎಂಡೋಸ್ಕೋಪಿಯಿಂದ ಗಡ್ಡೆಯ ನಡುವೆ ಇಳಿಸಿ ಬಿಟ್ಟರೆ ತಾನೇ ಅರಳಿ ದಾರಿ ಮಾಡುತ್ತದೆ. ಕೊಯ್ಯುವುದಿಲ್ಲ. ಹೆಚ್ಚಿನವರು ಒಂದೆರಡು ದಿನದಲ್ಲಿ ಮೆತ್ತನೆಯದನ್ನು ನುಂಗುತ್ತಾರೆ. ಮೊದಲ ಕೆಲವು ದಿನ ಎದೆನೋವು ಇರುತ್ತದೆ, ನೋವಿನ ಔಷಧಿ ಧಾರಾಳವಾಗಿ ಕೇಳಿ. ರೊಟ್ಟಿ, ಚಪಾತಿ, ಮಾಂಸದ ತುಂಡು ಬೇಡ, ಸಿಕ್ಕಿಕೊಂಡರೆ ಮತ್ತೆ ಎಂಡೋಸ್ಕೋಪಿ ಮಾಡಬೇಕಾಗುತ್ತದೆ. ಕುಳಿತು ಉಣ್ಣಲಿ, ಉಂಡ ಮೇಲೆ ನೀರು ಕುಡಿಯಲಿ, ತಲೆಕಡೆ ಎತ್ತರಿಸಿ ಮಲಗಲಿ. ನಿಧಾನಕ್ಕೆ ಆದರೂ ಹೆಚ್ಚು ದಿನ ಬಾಳುವ ಇನ್ನೊಂದು ದಾರಿ ಕೆಲವು ಸಲ ಕರೆಂಟ್ ಕೊಡಿಸುವುದು. ಮೈಯಲ್ಲಿ ಕಸುವಿದ್ದರೆ ಕೀಮೋ, ಅದರ ಜೊತೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೋಥೆರಪಿಯೂ ಇದೆ. ಎರಡನೆಯದು ದುಬಾರಿ, ಎಲ್ಲರಿಗೂ ಹೊಂದುವುದಿಲ್ಲ. ಬಯಾಪ್ಸಿ ಚೂರಿನ ಮೇಲೆ ಪರೀಕ್ಷೆ ಮಾಡಿ ಯಾರಿಗೆ ಫಲ ಕೊಟ್ಟೀತು ಎಂದು ಅಂದಾಜು ಮಾಡುತ್ತಾರೆ. ಹೊಲ ಅಡವಿಟ್ಟು ಮಾಡಿಸಬೇಕೆ ಎಂದು ನೀವು ಕೇಳಿದ್ದರೆ, ಬೇಡ ಎನ್ನುತ್ತಿದ್ದೆ.

ಅಲ್ಸರ್ ಎಂದಿದ್ದೀರಿ. ಅವರಿಗೆ ಗೊತ್ತಿರುತ್ತದೆ. ಉಗುಳು ಇಳಿಯದೆ ಲೋಟಕ್ಕೆ ಉಗುಳುತ್ತ ಕೂತವರಿಗೆ ಅದು ಅಲ್ಸರಲ್ಲ ಎಂದು ಗೊತ್ತಾಗದೆ ಇರುತ್ತದೆಯೇ? ನನ್ನ ರೋಗಿಗಳಲ್ಲಿ ಎಷ್ಟೋ ಮಂದಿ, ಮನೆಯವರು ಹೊರಗೆ ಹೋದ ಮೇಲೆ, 'ಅವರ ಮುಂದ ಹೇಳಬ್ಯಾಡ್ರಿ, ತಡ್ಕೊಳ್ಳಾಂಗಿಲ್ಲ' ಎಂದು ನನಗೇ ಹೇಳಿದ್ದಾರೆ. ಅವರು ಕೇಳಿದಾಗ ಸುಳ್ಳು ಹೇಳಬೇಡಿ. ಕೇಳದಿದ್ದರೆ ಪಕ್ಕದಲ್ಲಿ ಕೂತಿರಿ.

ಆಪರೇಷನ್ ಆಗಿ ಐದು ತಿಂಗಳು. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ಸಿಹಿ ತಿಂದ ಅರ್ಧ ಗಂಟೆಗೆ ಬೆವರು, ಎದೆಬಡಿತ, ಭೇದಿ. ಏನೋ ಕೆಟ್ಟಿದೆಯೇ?
— ದಾವಣಗೆರೆ

ಕೆಟ್ಟಿಲ್ಲ. ಜಠರವೀಗ ಚೀಲವಲ್ಲ, ಕೊಳವೆ. ತಿಂದದ್ದು ನಿಲ್ಲದೆ ಕರುಳಿಗೆ ಸುರಿಯುತ್ತದೆ, ಸಿಹಿಯಾದರೆ ಕರುಳು ಗಾಬರಿಯಾಗುತ್ತದೆ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ, ನೀರನ್ನು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಹೋಳಿಗೆ ಸದ್ಯಕ್ಕೆ ದೂರ. ಮಲಗುವ ಎರಡು ಮೂರು ಗಂಟೆ ಮುಂಚೆ ಊಟ ಮುಗಿಯಲಿ, ಮಂಚದ ತಲೆಕಡೆಯ ಕಾಲಿಗೆ ಇಟ್ಟಿಗೆ ಇಡಿ. ಮತ್ತೆ ನುಂಗಲು ತಡೆಯಾದರೆ ಹೆದರದೆ ಹೋಗಿ. ಹೊಲಿಗೆಯ ಜಾಗ ಬಿಗಿಯಾಗಿದ್ದರೆ ಬಲೂನಿನಿಂದ ಹಿಗ್ಗಿಸುತ್ತಾರೆ.

ಬಿಸಿ ಬಿಸಿ ಚಹಾ ಕುಡಿದರೆ ಕ್ಯಾನ್ಸರ್ ಬರುತ್ತದೆಯೇ? ಒಂದೇ ಸಾಲಿನಲ್ಲಿ ಉತ್ತರಿಸಿ.
— ಗದಗ

65 ಡಿಗ್ರಿಗಿಂತ ಬಿಸಿಯಾಗಿ ದಿನಾ ಕುಡಿದರೆ ಅನ್ನನಾಳಕ್ಕೆ ಕೆಟ್ಟದ್ದಿರಬಹುದು ಎಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ, ತಪ್ಪು ಚಹಾದ್ದಲ್ಲ, ಬಿಸಿಯದ್ದು. ನನ್ನ ಅಜ್ಜ ಬಸಿಗೆ ಸುರಿದು, ಮೂರು ಸಲ ಊದಿ, ಸೊರ್ ಎಂದು ಎಳೆಯುತ್ತಿದ್ದರು, ಅಜ್ಜಿ ಆ ಸದ್ದಿಗೆ ಬಯ್ಯುತ್ತಿದ್ದಳು.